ಒಂದು ದಮ್ಮಿನ ಜಮಾ-ಖರ್ಚು

"ನಮ್ಮ ಮುತ್ಯಾ ಎಂಬತ್ತು ವರ್ಷದತನಕ ಬೀಡಿ ಸೇದ್ಯಾನ. ಏನಾಗೇತಿ ಅವಂಗ?"

ಸಿಗರೇಟಿನ ಮಾತು ಬಂದಲ್ಲೆಲ್ಲ ಈ ಮುತ್ಯಾ ಬಂದೇ ಬರುತ್ತಾನೆ. ನಮ್ಮ ಸಂಘದ ಕೂಟ ಮುಗಿದ ಮೇಲೆ ಬಂದಿದ್ದಾನೆ, ಕ್ಯಾಂಟೀನಿನಲ್ಲಿ ಬಂದಿದ್ದಾನೆ, ಹಾಸ್ಟೆಲಿನ ಗಚ್ಚಿಯ ಮೇಲೆ ರಾತ್ರಿ ಹನ್ನೊಂದಕ್ಕೂ ಬಂದಿದ್ದಾನೆ. ಸೇದುವ ಒಬ್ಬೊಬ್ಬನಿಗೂ ಒಬ್ಬೊಬ್ಬ ಮುತ್ಯಾ. ಅವನನ್ನು ಸುಳ್ಳು ಅನ್ನುವ ಹಾಗಿಲ್ಲ, ಅಂಥವರು ಇದ್ದಾರೆ, ನಾವೂ ನೋಡಿದ್ದೇವೆ. ಪ್ಯಾಕಿನ ಮೇಲೆ ಎಷ್ಟು ಭಯಂಕರ ಚಿತ್ರ ಹಾಕಿದರೂ ಮುತ್ಯಾನ ಪ್ರಶ್ನೆಗೆ ಆ ಚಿತ್ರದಲ್ಲಿ ಉತ್ತರವಿಲ್ಲ. ನನಗೆ ಅನಿಸುವುದೇನೆಂದರೆ, ಅದೇ ಪ್ರಶ್ನೆಯನ್ನು ಇನ್ನೊಂದು ಮಗ್ಗುಲಿನಿಂದ ಕೇಳಬೇಕು: ಹೊಗೆಯಲ್ಲಿ ಅಷ್ಟೊಂದು ವಿಷ ಇರುವುದೇ ಖರೆಯಾದರೆ, ಸೇದುವವನು ಮೊದಲನೆ ವಾರದಲ್ಲೇ ಯಾಕೆ ಹಾಸಿಗೆ ಹಿಡಿಯುವುದಿಲ್ಲ?

ಹಿಡಿಯುವುದಿಲ್ಲ, ಯಾಕೆಂದರೆ ಒಳಗೆ ಯಾರೋ ಅವನ ಹೆಸರಿನಲ್ಲಿ ದಿನಾಲೂ ದುಡ್ಡು ಕಟ್ಟುತ್ತಿದ್ದಾರೆ. ಶ್ವಾಸಕೋಶದ ಜೀವಕೋಶಗಳು ಸುಮ್ಮನೆ ಕೂತು ಹೊಡೆತ ತಿನ್ನುವ ಬಡಪಾಯಿಗಳಲ್ಲ. ಅವುಗಳ ಬಳಿ ತಿಜೋರಿ ಇದೆ, ಗುಮಾಸ್ತರಿದ್ದಾರೆ, ಅಪಾಯದ ಗಂಟೆ ಇದೆ. ಈ ಲೇಖನ ಆ ದುಡ್ಡು ಕಟ್ಟುವವರ ಕುರಿತು. ಕಾಮರ್ಸ್ ಓದುವವನಿಗೆ ಇದೆಲ್ಲ ಯಾತಕ್ಕೆ ಎಂದು ಸಂಪಾದಕರು ಕೇಳಿದರು. ಓದುತ್ತಾ ಹೋದಂತೆ ನನಗೆ ಕಂಡದ್ದು ಇಷ್ಟು: ಇದು ನಮ್ಮ ಕಿರ್ದಿ-ಖಾತೆಯ ಲೆಕ್ಕವೇ. ರಸಾಯನಶಾಸ್ತ್ರದ ಹೆಸರುಗಳು ಮಾತ್ರ ಉದ್ದ.

ಮೊದಲು ಜಾಗ ನೋಡೋಣ. ಶಾಲೆಯ ಪುಸ್ತಕದ ಚಿತ್ರದಲ್ಲಿ ಶ್ವಾಸಕೋಶ ಎಂದರೆ ಎರಡು ಚೀಲ. ನಿಜದಲ್ಲಿ ಅದು ಸ್ಪಂಜು. ಗಾಳಿಯ ನಾಳ ಕವಲೊಡೆದು, ಕವಲಿಗೆ ಕವಲೊಡೆದು, ಕೊನೆಗೆ ಮೂವತ್ತರಿಂದ ಐವತ್ತು ಕೋಟಿ ಪುಟ್ಟ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ೭೦ ಚದರ ಮೀಟರ್ ಆದೀತು. ಚಾಳಿನ ಹತ್ತು ಅಡಿ-ಹನ್ನೆರಡು ಅಡಿ ಕೋಣೆಗಳು ಆರು ಸೇರಿದರೆ ಅಷ್ಟು ನೆಲ. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಮಾತ್ರ ಬಹಳ ತೆಳು. ತಲೆಗೂದಲಿನ ದಪ್ಪದ ನೂರರಲ್ಲಿ ಒಂದು ಪಾಲು ಎಂದರೆ ಹೆಚ್ಚುಕಡಿಮೆ ಸರಿ. ತೆಳು ಇರಲೇಬೇಕು, ಇಲ್ಲದಿದ್ದರೆ ಆಮ್ಲಜನಕ ದಾಟುವುದಿಲ್ಲ. ಮೈಗೆ ಚರ್ಮ ಇದೆ, ಅಂಗಾಲಿಗೆ ಇನ್ನೂ ದಪ್ಪ ಚರ್ಮ ಇದೆ. ಗಾಳಿಗೂಡಿಗೆ ಆ ಅನುಕೂಲ ಇಲ್ಲ. ಗೋಡೆ ದಪ್ಪ ಮಾಡಿ ಬದುಕಲು ಬಾರದವನು ಬೇರೆ ಉಪಾಯ ಮಾಡಬೇಕು.

ಇನ್ನು ಹೊಗೆ. ತಂಬಾಕಿನ ಹೊಗೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅದರಲ್ಲಿ ಎಪ್ಪತ್ತರಷ್ಟು ಕ್ಯಾನ್ಸರ್ ತರುವಂಥವು. ಈ ಪಟ್ಟಿ ಎಲ್ಲರೂ ಹೇಳುತ್ತಾರೆ. ನಮ್ಮ ಕಥೆಗೆ ಬೇಕಾದದ್ದು ಅದರಲ್ಲಿ ಒಂದು ಜಾತಿ: ಫ್ರೀ ರ್‍ಯಾಡಿಕಲ್. ಅಣುಗಳಲ್ಲಿ ಇಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಜೋಡಿಯಾಗಿ ಇರುತ್ತವೆ. ಒಂದು ಇಲೆಕ್ಟ್ರಾನ್ ಒಂಟಿಯಾಗಿ ಉಳಿದ ಅಣುವಿಗೆ ಸಮಾಧಾನ ಇಲ್ಲ. ಅದು ಪಕ್ಕದ ಅಣುವಿನಿಂದ ಒಂದನ್ನು ಕಸಿದುಕೊಳ್ಳುತ್ತದೆ. ಈಗ ಕಳೆದುಕೊಂಡವನು ಒಂಟಿ, ಅವನು ತನ್ನ ಪಕ್ಕದವನ ಜೇಬಿಗೆ ಕೈ ಹಾಕುತ್ತಾನೆ. ಹೀಗೆ ಕಳ್ಳತನ ಸರಪಳಿಯಾಗಿ ಸಾಗುತ್ತದೆ. ಇಲೆಕ್ಟ್ರಾನ್ ಕಳೆದುಕೊಳ್ಳುವುದಕ್ಕೆ ಪುಸ್ತಕದ ಮಾತು ಉತ್ಕರ್ಷಣ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಅದೇ, ಹಳೆಯ ಶೇಂಗಾ ಎಣ್ಣೆ ಕಮಟು ವಾಸನೆ ಬರುವುದೂ ಅದೇ. ಜೀವಕೋಶದ ಹೊರಪೊರೆ ಕೊಬ್ಬಿನಿಂದ ಆದದ್ದಲ್ಲವೆ? ಅದಕ್ಕೆ ಉತ್ಕರ್ಷಣ ತಗಲಿದರೆ ಜೀವ ಇರುವಾಗಲೇ ಕಮಟು ಹಿಡಿದಂತೆ.

ಅಮೆರಿಕದ ವಿಲಿಯಂ ಪ್ರಯರ್ ಎಂಬ ರಸಾಯನಶಾಸ್ತ್ರಜ್ಞ ತನ್ನ ಸಂಗಡಿಗನೊಂದಿಗೆ ೧೯೮೫ರಲ್ಲಿ ಈ ಲೆಕ್ಕ ಕೊಟ್ಟ: ಸಿಗರೇಟಿನ ಒಂದೇ ದಮ್ಮಿನ ಅನಿಲಭಾಗದಲ್ಲಿ ಒಂದರ ಮುಂದೆ ಹದಿನೈದು ಸೊನ್ನೆ ಹಾಕಿದಷ್ಟು ರ್‍ಯಾಡಿಕಲ್‌ಗಳು. ನಮ್ಮ ರೀತಿಯಲ್ಲಿ ಹೇಳುವುದಾದರೆ ಹತ್ತು ಕೋಟಿ ಕೋಟಿ. ಇದಲ್ಲದೆ ಡಾಂಬರಿನಂಥ ಜಿಡ್ಡಿನಲ್ಲಿ ಬೇರೆ ರ್‍ಯಾಡಿಕಲ್‌ಗಳು ಕೂತಿರುತ್ತವೆ. ಅನಿಲದವು ಬಂದು ಹೊಡೆದು ಮುಗಿಯುತ್ತವೆ. ಜಿಡ್ಡಿನವು ಒಳಗೆ ಅಂಟಿಕೊಂಡು ಸಿಗರೇಟು ಆರಿದ ಮೇಲೂ ಕೆಲಸ ಮುಂದುವರಿಸುತ್ತವೆ. ಬೀಡಿ ಸಣ್ಣದು, ಎಲೆಯದ್ದು, ಹಳ್ಳಿಯ ವಸ್ತು, ಆದ್ದರಿಂದ ಸೌಮ್ಯ ಎಂದು ನಂಬಿದವರಿಗೆ ಒಂದು ಮಾತು: ಅಳೆದು ನೋಡಿದಾಗ ಬೀಡಿಯ ಹೊಗೆಯಲ್ಲಿ ಜಿಡ್ಡು, ನಿಕೋಟಿನ್, ಕಾರ್ಬನ್ ಮೊನಾಕ್ಸೈಡ್ ಮೂರೂ ಸಿಗರೇಟಿಗಿಂತ ಹೆಚ್ಚೇ ಬಂದಿವೆ. ತುಂಬುರ ಎಲೆಯ ಬೀಡಿ ಎಳೆಯದೆ ಬಿಟ್ಟರೆ ಆರಿಹೋಗುತ್ತದೆ, ಹಾಗಾಗಿ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ನಿಪ್ಪಾಣಿ ಕಡೆಯ ತಂಬಾಕು ಈ ಬೀಡಿಯದ್ದೇ, ಅದನ್ನು ನಮ್ಮವರು ಹೆಮ್ಮೆಯಿಂದ ಹೇಳುವುದೂ ಉಂಟು.

ಈ ಹೊಗೆ ಒಳಗೆ ಹೋದಾಗ ಮೊದಲು ಸಿಗುವುದು ನಾಳದ ಲೋಳೆ ಮತ್ತು ಅದರ ಕೆಳಗಿನ ಸೂಕ್ಷ್ಮ ರೋಮಗಳು. ಸೆಕೆಂಡಿಗೆ ಹತ್ತಾರು ಸಲ ಬಡಿಯುತ್ತ ಅವು ಕಸ ಹಿಡಿದ ಲೋಳೆಯನ್ನು ಗಂಟಲಿನ ಕಡೆಗೆ ಮೇಲೆ ತಳ್ಳುತ್ತವೆ. ಹೊಗೆಯಲ್ಲಿರುವ ಅಕ್ರೋಲೀನ್ ಎಂಬ ಘಾಟು ವಸ್ತು ಈ ರೋಮಗಳನ್ನು ಜಡ ಮಾಡುತ್ತದೆ. (ಎಣ್ಣೆ ಸುಟ್ಟಾಗ ಅಡಿಗೆಮನೆಯಲ್ಲಿ ಕಣ್ಣು ಉರಿಸುವುದೂ ಇದೇ ಅಕ್ರೋಲೀನ್.) ಕಸಗುಡಿಸುವವರು ಕೂತುಬಿಟ್ಟರೆ ಕೆಮ್ಮಿಯೇ ಕಸ ತೆಗೆಯಬೇಕು. ಸೇದುವವರ ಬೆಳಗಿನ ಕೆಮ್ಮು ಅದೇ.

ಮುಖ್ಯ ವ್ಯವಹಾರ ಇರುವುದು ಅದರಾಚೆ, ಗಾಳಿಗೂಡಿನ ಒಳಮೈಗೆ ಸವರಿಕೊಂಡ ತೀರ ತೆಳುವಾದ ನೀರಿನ ಪದರದಲ್ಲಿ. ೧೯೮೭ರಲ್ಲಿ ಅಮೆರಿಕದ ಸಂಶೋಧಕರು ಜನರ ಶ್ವಾಸಕೋಶದ ಒಂದು ಭಾಗವನ್ನು ಉಪ್ಪುನೀರಿನಿಂದ ತೊಳೆದು, ಆ ತೊಳೆದ ನೀರನ್ನು ಹೊರತೆಗೆದು ಪರೀಕ್ಷಿಸಿದರು. ಗ್ಲೂಟಾಥಯೋನ್ ಎಂಬ ಒಂದು ಚಿಕ್ಕ ವಸ್ತು, ರಕ್ತದ ದ್ರವದಲ್ಲಿ ಇರುವುದಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು ಅಲ್ಲಿ ತುಂಬಿತ್ತು. ಅಷ್ಟು ತೆಳುವಾದ ಪದರದಲ್ಲಿ ಅಷ್ಟು ದಾಸ್ತಾನು ಸುಮ್ಮನೆ ಯಾರೂ ಇಡುವುದಿಲ್ಲ. ಅದೇ ಶ್ವಾಸಕೋಶದ ಕೈ-ಶಿಲ್ಕು.

ಈ ಗ್ಲೂಟಾಥಯೋನಿನ ಪರಿಚಯ ಸ್ವಲ್ಪ ಸಾವಕಾಶವಾಗಿ ಮಾಡಿಕೊಳ್ಳಬೇಕು. ೧೮೮೮ರಲ್ಲಿ ಫ್ರಾನ್ಸಿನ ರೇ-ಪಾಯಾದ್ ಎಂಬಾತ ಯೀಸ್ಟಿನಲ್ಲಿ ಇದನ್ನು ಕಂಡು 'ಫಿಲೋಥಿಯಾನ್', ಅಂದರೆ ಗಂಧಕಪ್ರಿಯ, ಎಂದು ಕರೆದ. ಆಮೇಲೆ ಮರೆತರು. ೧೯೨೧ರಲ್ಲಿ ಕೇಂಬ್ರಿಜ್‌ನ ಹಾಪ್ಕಿನ್ಸ್ ಮತ್ತೆ ಹೊರಗೆಳೆದು ಈಗಿನ ಹೆಸರಿಟ್ಟ. ಮೂರೇ ಮೂರು ಅಮೈನೊ ಆಮ್ಲಗಳ ಸರ: ಗ್ಲೂಟಮೇಟ್, ಸಿಸ್ಟೀನ್, ಗ್ಲೈಸೀನ್. ನಡುವಿನ ಸಿಸ್ಟೀನಿನಲ್ಲಿ ಒಂದು ಗಂಧಕದ ಪರಮಾಣು ಇದೆ, ಇಡೀ ಮಹಿಮೆ ಅದರದ್ದು. ಆ ಗಂಧಕ ಇಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಜೇಬುಗಳ್ಳ ಬಂದಾಗ "ತಗೋ ಮಾರಾಯಾ, ಮನೆ ಮಂದಿಯನ್ನ ಮುಟ್ಟಬೇಡ" ಅಂತ ತಾನೇ ಎತ್ತಿ ಕೊಡುತ್ತದೆ. ಹೀಗೆ ಕೊಟ್ಟುಬಿಟ್ಟ ಎರಡು ಗ್ಲೂಟಾಥಯೋನ್‌ಗಳು ಒಂದಕ್ಕೊಂದು ಕೈ ಹಿಡಿದು ಜೋಡಿಯಾಗುತ್ತವೆ, ಕಳ್ಳತನದ ಸರಪಳಿ ಅಲ್ಲಿಗೆ ನಿಲ್ಲುತ್ತದೆ.

ಜೋಡಿಯಾದವು ಹಾಳಾದವೆಂದಲ್ಲ. ಕೋಶದೊಳಗೆ ಒಂದು ಕಿಣ್ವ ಈ ಜೋಡಿಯನ್ನು ಬಿಡಿಸಿ, ಇಲೆಕ್ಟ್ರಾನ್ ಮರಳಿ ತುಂಬಿ, ಎರಡನ್ನೂ ಮತ್ತೆ ಕೆಲಸಕ್ಕೆ ಕಳಿಸುತ್ತದೆ. ಅದಕ್ಕೆ ಬೇಕಾದ ಇಲೆಕ್ಟ್ರಾನ್ ಎಲ್ಲಿಂದ? ನಾವು ಉಂಡ ಅನ್ನದ ಸಕ್ಕರೆಯಿಂದ. ಅಂದರೆ ಸೇದುವವನ ಊಟದ ಒಂದು ಪಾಲು ಅವನ ಹೊಗೆಯ ಸಾಲ ತೀರಿಸಲು ಹೋಗುತ್ತದೆ. ಅಡ್ಡಿಯಿಲ್ಲ, ಇದು ತಿರುಗುವ ಬಂಡವಾಳ: ಖರ್ಚಾಯಿತು, ಜಮಾ ಆಯಿತು.

ಅಕ್ರೋಲೀನ್ ಬಂದಾಗ ಲೆಕ್ಕ ಬೇರೆ. ಅದು, ಮತ್ತು ಅದರ ಬಳಗದ ಇತರ ವಸ್ತುಗಳು, ಇಲೆಕ್ಟ್ರಾನ್ ಕಸಿದು ಓಡುವ ಜಾತಿಯಲ್ಲ. ಅವು ಗ್ಲೂಟಾಥಯೋನಿನ ಗಂಧಕಕ್ಕೇ ಅಂಟಿಕೊಂಡುಬಿಡುತ್ತವೆ. ಅಂಟಿದ್ದನ್ನು ಬಿಡಿಸಿ ಹಳೆಯದನ್ನು ತಿರುಗಿ ಪಡೆಯುವ ಕಿಣ್ವ ಇಲ್ಲ. ವಿಷವನ್ನೂ ಗ್ಲೂಟಾಥಯೋನನ್ನೂ ಕೂಡಿಯೇ ಹೊರಗೆ ಹಾಕಬೇಕು. ನಮ್ಮ ಭಾಷೆಯಲ್ಲಿ ಇದು ಮುಳುಗಿದ ಸಾಲ. ಗಾಳಿನಾಳದ ಕೋಶಗಳಿಗೆ ಸಿಗರೇಟಿನ ಹೊಗೆ ತಾಗಿಸಿ ನೋಡಿದ ಪ್ರಯೋಗಗಳಲ್ಲಿ ಗ್ಲೂಟಾಥಯೋನ್ ಕಡಿಮೆಯಾದದ್ದು ಹೆಚ್ಚಾಗಿ ಈ ರೀತಿಯಲ್ಲಿ. ಆದುದರಿಂದ ಕೋಶ ಹಳೆಯದನ್ನು ತಿರುಗಿಸುತ್ತ ಕೂತರೆ ಸಾಲದು, ಹೊಸದಾಗಿ ಟಂಕಿಸಬೇಕು. ಟಂಕಸಾಲೆಗೆ ಬೇಕಾದ ಲೋಹ ಸಿಸ್ಟೀನ್, ಮೂರು ಕಚ್ಚಾ ಮಾಲಿನಲ್ಲಿ ಕೊರತೆಯದ್ದು ಅದೇ.

ತಿಜೋರಿಯ ಜೊತೆಗೆ ಗುಮಾಸ್ತರಿದ್ದಾರೆ ಎಂದೆನಲ್ಲ, ಅವರು ಕಿಣ್ವಗಳು. ಮುಖ್ಯರನ್ನಷ್ಟೇ ಹೇಳುತ್ತೇನೆ. ಆಮ್ಲಜನಕಕ್ಕೆ ಒಂದು ಇಲೆಕ್ಟ್ರಾನ್ ಹೆಚ್ಚಿಗೆ ಸಿಕ್ಕಾಗ ಸೂಪರಾಕ್ಸೈಡ್ ಎಂಬ ತುಂಟ ಹುಟ್ಟುತ್ತದೆ. ತಾಮ್ರ ಇರುವ ಒಂದು ಪ್ರೋಟೀನು ರಕ್ತದಲ್ಲಿ ಇದೆಯೆಂದು ೧೯೩೮ರಿಂದ ಗೊತ್ತಿತ್ತು, ಆದರೆ ಅದರ ಕೆಲಸ ಏನೆಂದು ಯಾರಿಗೂ ತಿಳಿದಿರಲಿಲ್ಲ. ಮೂವತ್ತು ವರ್ಷ ಪಗಾರ ತಿಂದು ಕೂತ ನೌಕರನಂತೆ ಅದು ಇತ್ತು. ೧೯೬೯ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಮೆಕಾರ್ಡ್ ಮತ್ತು ಫ್ರಿಡೊವಿಚ್ ತೋರಿಸಿದರು: ಸೂಪರಾಕ್ಸೈಡನ್ನು ಹೈಡ್ರೊಜನ್ ಪೆರಾಕ್ಸೈಡಾಗಿ ಬದಲಿಸುವುದೇ ಅದರ ಉದ್ಯೋಗ. ಹೈಡ್ರೊಜನ್ ಪೆರಾಕ್ಸೈಡೂ ಒಳ್ಳೆಯದಲ್ಲ, ಅದನ್ನು ಕ್ಯಾಟಲೇಸ್ ಮತ್ತು ಗ್ಲೂಟಾಥಯೋನ್ ಪೆರಾಕ್ಸಿಡೇಸ್ ಎಂಬ ಇನ್ನಿಬ್ಬರು ನೀರಾಗಿಸುತ್ತಾರೆ. ಎರಡನೆಯವನು ಹೆಸರೇ ಹೇಳುವಂತೆ ಗ್ಲೂಟಾಥಯೋನನ್ನು ಖರ್ಚು ಮಾಡಿ ಕೆಲಸ ಮಾಡುತ್ತಾನೆ. ಪೊರೆಯ ಕೊಬ್ಬಿನೊಳಗೆ ವಿಟಮಿನ್ ಇ ಕಾವಲಿಗೆ ಕೂತಿದೆ, ಅದು ದಣಿದಾಗ ವಿಟಮಿನ್ ಸಿ ಅದಕ್ಕೆ ಕೈಗಡ ಕೊಡುತ್ತದೆ. ಸೇದುವವರ ರಕ್ತದಲ್ಲಿ ವಿಟಮಿನ್ ಸಿ ಕಡಿಮೆ ಇರುವುದರಿಂದ ಅವರಿಗೆ ದಿನಕ್ಕೆ ೩೫ ಮಿಲಿಗ್ರಾಂ ಹೆಚ್ಚಿಗೆ ಬೇಕೆಂದು ೨೦೦೦ದಲ್ಲಿ ಅಮೆರಿಕದ ಆಹಾರತಜ್ಞರ ಮಂಡಳಿ ಹೇಳಿತು. ಅರ್ಧ ಪೇರಲ ಹಣ್ಣು ಸಾಕು. ಆದರೆ ಪೇರಲದಿಂದ ಹೊಗೆಯ ಲೆಕ್ಕ ಚುಕ್ತಾ ಆಗುತ್ತದೆಂದು ಯಾರೂ ತಿಳಿಯಬಾರದು, ಯಾಕೆ ಎಂಬುದು ಮುಂದೆ ಬರುತ್ತದೆ.

ಈಗ ಅಪಾಯದ ಗಂಟೆ. ನನಗೆ ಎಲ್ಲಕ್ಕಿಂತ ಸೋಜಿಗ ಎನಿಸಿದ್ದು ಇದು. ಹೊಗೆ ಬಂತು, ದಾಸ್ತಾನು ಇಳಿಯಿತು, ಹೊಸದು ಟಂಕಿಸಬೇಕು ಎಂದು ಕೋಶಕ್ಕೆ ತಿಳಿಯುವುದು ಹೇಗೆ? ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ. ಎನ್ನಾರೆಫ್-೨ ಎಂಬ ಒಂದು ಪ್ರೋಟೀನು ಕೋಶದಲ್ಲಿ ಸದಾ ಹುಟ್ಟುತ್ತಲೇ ಇರುತ್ತದೆ. ಹುಟ್ಟಿದ ಕೂಡಲೇ ಕೀಪ್-೧ ಎಂಬ ಇನ್ನೊಂದು ಪ್ರೋಟೀನು ಅದನ್ನು ಹಿಡಿದು, ಕೋಶದ ಚೂರು ಯಂತ್ರಕ್ಕೆ ಒಪ್ಪಿಸಿಬಿಡುತ್ತದೆ. ಹುಟ್ಟಿದ ಎನ್ನಾರೆಫ್-೨ರಲ್ಲಿ ಅರ್ಧದಷ್ಟು ಇಪ್ಪತ್ತು ನಿಮಿಷದೊಳಗೆ ಇಲ್ಲವಾಗುತ್ತದೆ. ಮಾಡುವುದು, ಕೆಡಿಸುವುದು, ಮಾಡುವುದು, ಕೆಡಿಸುವುದು. ಮೇಲ್ನೋಟಕ್ಕೆ ಶುದ್ಧ ದುಂದುಗಾರಿಕೆ.

ಗುಟ್ಟು ಇರುವುದು ಕೀಪ್-೧ರ ಮೈಯಲ್ಲಿ. ಅದರಲ್ಲಿ ೨೭ ಸಿಸ್ಟೀನ್‌ಗಳಿವೆ, ಅಂದರೆ ೨೭ ಗಂಧಕದ ಕೊಂಡಿಗಳು. ಗ್ಲೂಟಾಥಯೋನಿನಲ್ಲಿ ಇದ್ದದ್ದೇ ಗಂಧಕ. ಹೊಗೆಯ ವಿಷ ಗ್ಲೂಟಾಥಯೋನನ್ನು ದಾಟಿ ಒಳಗೆ ಬಂದರೆ ಈ ಕೊಂಡಿಗಳಿಗೂ ತಗಲುತ್ತದೆ. ತಗಲಿದಾಗ ಕೀಪ್-೧ರ ಆಕಾರ ಕೆಡುತ್ತದೆ, ಎನ್ನಾರೆಫ್-೨ ಅನ್ನು ಯಂತ್ರಕ್ಕೆ ಒಪ್ಪಿಸಲು ಅದರ ಕೈಲಾಗುವುದಿಲ್ಲ. ಆಗ ಹೊಸದಾಗಿ ಹುಟ್ಟಿದ ಎನ್ನಾರೆಫ್-೨ ಜಮೆಯಾಗಿ, ಕೋಶದ ನಡುಕೋಣೆಗೆ ನುಗ್ಗಿ, ಡಿಎನ್ಎ ಮೇಲೆ ಕೂತು ಇನ್ನೂರಕ್ಕೂ ಹೆಚ್ಚು ಜೀನುಗಳನ್ನು ಎಬ್ಬಿಸುತ್ತದೆ. ಗ್ಲೂಟಾಥಯೋನ್ ಟಂಕಿಸುವ ಕಿಣ್ವ, ಅದನ್ನು ವಿಷಕ್ಕೆ ಅಂಟಿಸುವ ಕಿಣ್ವ, ಜೋಡಿ ಬಿಡಿಸುವ ಕಿಣ್ವ ಎಲ್ಲ ಒಟ್ಟಿಗೆ ಏಳುತ್ತವೆ. ನೋಡಿ, ಗಂಟೆ ಹೊಡೆಯಲು ಬೇರೆ ಆಳೇ ಬೇಕಿಲ್ಲ. ಕಳ್ಳ ಬಾಗಿಲು ಮುರಿದ ಸದ್ದೇ ಗಂಟೆ. ಪುರುಸೊತ್ತಾಗಿ ಹೊಸ ಪ್ರೋಟೀನು ತಯಾರಿಸುವ ಗೊಡವೆಯೂ ಇಲ್ಲ, ಅದು ಆಗಲೇ ಹುಟ್ಟುತ್ತಿತ್ತಲ್ಲ. ದುಂದು ಎಂದದ್ದು ವಿಮೆಯ ಕಂತು.

ಎನ್ನಾರೆಫ್-೨ ಅನ್ನು ೧೯೯೪ರಲ್ಲಿ ಗುರುತಿಸಿದರು, ಕೀಪ್-೧ ಅನ್ನು ೧೯೯೯ರಲ್ಲಿ ಜಪಾನಿನ ಯಮಾಮೊಟೊ ಅವರ ತಂಡ. ಹಾಗಾದರೆ ಇದು ಶ್ವಾಸಕೋಶಕ್ಕೆ ನಿಜವಾಗಿ ಬೇಕೇ ಎಂಬುದಕ್ಕೆ ೨೦೦೪ರಲ್ಲಿ ಪುರಾವೆ ಬಂತು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಶ್ಯಾಮ್ ಬಿಸ್ವಾಲ್ ಅವರ ತಂಡದವರು ಎನ್ನಾರೆಫ್-೨ ಜೀನ್ ಇಲ್ಲದ ಇಲಿಗಳಿಗೂ ಇರುವ ಇಲಿಗಳಿಗೂ ಆರು ತಿಂಗಳವರೆಗೆ ಸಿಗರೇಟಿನ ಹೊಗೆ ಕೊಟ್ಟರು. ಇದ್ದವು ಬಹುಮಟ್ಟಿಗೆ ತಡೆದುಕೊಂಡವು. ಇಲ್ಲದವುಗಳ ಗಾಳಿಗೂಡುಗಳು ಬೇಗನೆ, ಮತ್ತು ಹೆಚ್ಚು, ಹರಿದುಹೋದವು. ಅದೇ ಹೊಗೆ, ಅದೇ ಆರು ತಿಂಗಳು.

ಇಲ್ಲಿ ಒಬ್ಬ ಗೆಳೆಯ ಎದ್ದು ನಿಲ್ಲುತ್ತಾನೆಂದು ನನಗೆ ಗೊತ್ತು. ೧೯೮೭ರ ಆ ತೊಳೆದ ನೀರಿನಲ್ಲಿ ಇನ್ನೊಂದು ಸಂಗತಿಯೂ ಕಂಡಿತ್ತು: ಬಹಳ ಕಾಲದಿಂದ ಸೇದುವವರಲ್ಲಿ ಗ್ಲೂಟಾಥಯೋನ್ ಸೇದದವರಿಗಿಂತ ಹೆಚ್ಚೇ ಇತ್ತು! "ನೋಡಿದ್ಯಾ, ಪುಪ್ಪುಸಕ್ಕ ರೂಢಿ ಆಗೇತಿ" ಎಂದು ಅವನು ಎದೆ ತಟ್ಟಿಕೊಳ್ಳಬಹುದು. ಅದು ರೂಢಿಯಲ್ಲ, ಗಂಟೆ ನಿಲ್ಲದೆ ಬಾರಿಸುತ್ತಿರುವುದರ ಗುರುತು. ಒಂದು ಅಂಗಡಿಯ ಮುಂದೆ ಇಪ್ಪತ್ತನಾಲ್ಕು ತಾಸೂ ಪೋಲಿಸರು ನಿಂತಿದ್ದರೆ ಆ ಅಂಗಡಿ ಸುರಕ್ಷಿತ ಎಂದು ಅರ್ಥವೆ? ಅಲ್ಲದೆ ಆ ಹೆಚ್ಚಿನ ದಾಸ್ತಾನು ಎರಡು ಸಿಗರೇಟುಗಳ ನಡುವಿನದು. ಸೇದಿದ ಕೂಡಲೇ ಅದು ಕೆಳಗಿಳಿಯುತ್ತದೆ, ತಿರುಗಿ ತುಂಬಲು ಹೊತ್ತು ಬೇಕು.

ಇನ್ನು ಹಾನಿಯ ಬದಿಗೆ ಬರೋಣ. ರಕ್ಷಿಸಲು ಬಂದವರೇ ಹಾಳುಮಾಡುವ ಭಾಗ ಇದು. ಗಾಳಿಗೂಡುಗಳಲ್ಲಿ ಕಸ ನುಂಗುವ ಮ್ಯಾಕ್ರೊಫೇಜ್ ಎಂಬ ಕೋಶಗಳು ಓಡಾಡುತ್ತವೆ. ಸೇದುವವರಲ್ಲಿ ಇವು ನಾಲ್ಕಾರು ಪಟ್ಟು ಹೆಚ್ಚು, ಜಿಡ್ಡು ನುಂಗಿ ನುಂಗಿ ಕಂದುಬಣ್ಣಕ್ಕೆ ತಿರುಗಿರುತ್ತವೆ. ಅವು ಕ್ರಿಮಿ ಕೊಲ್ಲಲು ಬಳಸುವ ಆಯುಧವೇ ಸೂಪರಾಕ್ಸೈಡ್. ಹೊಗೆಯಲ್ಲಿ ಕ್ರಿಮಿ ಇಲ್ಲ, ಆದರೂ ಅವು ಹಾರಿಸುತ್ತವೆ. ಜೊತೆಗೆ ರಕ್ತದಿಂದ ನ್ಯೂಟ್ರೊಫಿಲ್ ಎಂಬ ಬಿಳಿ ಕೋಶಗಳನ್ನು ಕರೆಸುತ್ತವೆ, ಅವು ಇಲಾಸ್ಟೇಸ್ ಎಂಬ ಕತ್ತರಿಯನ್ನು ತರುತ್ತವೆ. ಗಾಳಿಗೂಡು ಹಿಗ್ಗಿ ಕುಗ್ಗಲು ಇಲಾಸ್ಟಿನ್ ಎಂಬ ರಬ್ಬರಿನಂಥ ನಾರು ಇದೆ, ಅದನ್ನೇ ಕತ್ತರಿಸುವ ಕತ್ತರಿ ಇದು.

ಕತ್ತರಿಗೆ ಒಂದು ಒರೆ ಇದೆ. ಯಕೃತ್ತಿನಲ್ಲಿ ತಯಾರಾಗಿ ರಕ್ತದ ಮೂಲಕ ಬರುವ ಆಲ್ಫಾ-೧ ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು ಇಲಾಸ್ಟೇಸನ್ನು ಹಿಡಿದು ಸುಮ್ಮನಾಗಿಸುತ್ತದೆ. ೧೯೬೩ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್, ಕೆಲವರಿಗೆ ಇದು ಹುಟ್ಟಿನಿಂದಲೇ ಕಡಿಮೆ ಎಂದು ಕಂಡುಹಿಡಿದರು; ಅವರಲ್ಲಿ ಬಹಳ ಮಂದಿಗೆ ಎಳೆಯ ವಯಸ್ಸಿನಲ್ಲೇ ಶ್ವಾಸಕೋಶ ಹರಿದಿತ್ತು. ಈಗ ಹೊಗೆ ಮಾಡುವುದೇನು ಗೊತ್ತೆ? ಆ ಪ್ರೋಟೀನಿನ ಸರದಲ್ಲಿ ೩೫೮ನೆಯ ಮಣಿ ಮೆಥಿಯೊನಿನ್, ಅದರಲ್ಲೂ ಒಂದು ಗಂಧಕ. ಹೊಗೆ ಆ ಒಂದು ಗಂಧಕಕ್ಕೆ ಆಮ್ಲಜನಕ ಅಂಟಿಸುತ್ತದೆ, ಒರೆಯ ಬಾಯಿ ಸಡಿಲಾಗುತ್ತದೆ, ಕತ್ತರಿ ಜಾರಿ ಹೊರಗೆ ಬರುತ್ತದೆ. ಹುಟ್ಟಿನಿಂದ ಕೊರತೆ ಇಲ್ಲದವನಿಗೂ ಇಷ್ಟಿಷ್ಟಾಗಿ ಕೊರತೆ ಬರುತ್ತದೆ. ನಾರು ತುಂಡಾದಂತೆ ಸಣ್ಣ ಗೂಡುಗಳು ಒಡೆದು ದೊಡ್ಡ ಪೊಳ್ಳುಗಳಾಗುತ್ತವೆ. ಇದೇ ಎಂಫಿಸೀಮ. ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರಲು ಒತ್ತುವ ರಬ್ಬರು ಇಲ್ಲ.

ನಮ್ಮ ಕಾಕಾ ಚಾಳಿನ ಎರಡನೆ ಮಜಲಿನಲ್ಲಿ ಇರುತ್ತಾರೆ. ಒಂದು ಮಜಲು ಹತ್ತಿ ನಿಂತು, ತುಟಿ ಸೀಟಿ ಹೊಡೆಯುವವರ ಹಾಗೆ ಮಾಡಿ ಉಸಿರು ಬಿಡುತ್ತಾರೆ, ಆಮೇಲೆ ಮುಂದೆ. ಯಾರಾದರೂ ನೋಡಿದರೆ ಕಿಸೆಯಲ್ಲಿ ಏನೋ ಹುಡುಕುವವರಂತೆ ನಟಿಸುತ್ತಾರೆ. ಹಾಗೆ ತುಟಿ ಕಿರಿದು ಮಾಡಿದರೆ ಒಳಗೆ ಒತ್ತಡ ಉಳಿದು ಸಣ್ಣ ನಾಳಗಳು ಮುಚ್ಚಿಕೊಳ್ಳುವುದಿಲ್ಲ, ಅದಕ್ಕೆ. ಅವರಿಗೆ ಯಾರೂ ಕಲಿಸಲಿಲ್ಲ, ಮೈ ತಾನೇ ಕಲಿಯಿತು. ಹರಿದ ಗೂಡುಗಳು ತಿರುಗಿ ಕಟ್ಟಿಕೊಳ್ಳುವುದಿಲ್ಲ. ಸೇದುವುದು ಬಿಟ್ಟರೆ ಇಳಿಕೆಯ ವೇಗ ಸೇದದವರ ಮಟ್ಟಕ್ಕೆ ಬರುತ್ತದೆ ಎಂದು ಬ್ರಿಟನ್ನಿನ ಫ್ಲೆಚರ್ ಮತ್ತು ಪೀಟೊ ೧೯೭೭ರಲ್ಲಿ ತೋರಿಸಿದರು, ಹೋದದ್ದು ಮಾತ್ರ ಹೋದದ್ದೇ.

ಇದಕ್ಕಿಂತ ಬೇಜಾರಿನ ಸಂಗತಿ, ಗಂಟೆಯೇ ಸವೆಯುತ್ತದೆ. ಈ ರೋಗ ಮುಂದುವರಿದವರ ಶ್ವಾಸಕೋಶದಲ್ಲಿ ಎನ್ನಾರೆಫ್-೨ ಕಡಿಮೆಯಾಗಿರುತ್ತದೆ ಎಂದು ೨೦೦೮ರಲ್ಲಿ ಬಿಸ್ವಾಲ್ ಅವರ ತಂಡವೇ ವರದಿ ಮಾಡಿತು. ಹೆಚ್ಚು ಬೇಕಾದ ಕಾಲಕ್ಕೆ ಕಡಿಮೆ. ಇನ್ನೊಂದು ಕಡೆ ಕೆಲವು ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಕೀಪ್-೧ ಜೀನೇ ಕೆಟ್ಟಿರುತ್ತದೆ, ಅಲ್ಲಿ ಗಂಟೆ ಕಾರಣವಿಲ್ಲದೆ ಸದಾ ಬಾರಿಸುತ್ತದೆ. ಆ ರಕ್ಷಣೆಯನ್ನೆಲ್ಲ ಕ್ಯಾನ್ಸರ್ ಕೋಶ ತನಗಾಗಿ ಬಳಸಿಕೊಂಡು ಔಷಧಿಗೂ ಜಗ್ಗದೆ ಕೂರುತ್ತದೆ. ಮನೆಯ ಕಾವಲುಗಾರನನ್ನು ಕಳ್ಳ ಸಂಬಳ ಕೊಟ್ಟು ಇಟ್ಟುಕೊಂಡಂತೆ.

ಹಾಗಾದರೆ ರಕ್ಷಕ ವಸ್ತುಗಳನ್ನು ಗುಳಿಗೆ ಮಾಡಿ ನುಂಗಿದರೆ? ಬುದ್ಧಿವಂತರು ಇದನ್ನು ಯೋಚಿಸದೆ ಬಿಟ್ಟಿಲ್ಲ. ಫಿನ್ಲೆಂಡಿನಲ್ಲಿ ೫೦ರಿಂದ ೬೯ ವಯಸ್ಸಿನ ೨೯,೧೩೩ ಮಂದಿ ಸೇದುವ ಗಂಡಸರಿಗೆ ವಿಟಮಿನ್ ಇ, ಗಜ್ಜರಿಯಲ್ಲಿರುವ ಬೀಟಾ-ಕೆರೊಟಿನ್, ಅಥವಾ ಎರಡೂ, ಅಥವಾ ಸುಮ್ಮನೆ ಹುಸಿಗುಳಿಗೆ ಹೀಗೆ ಹಂಚಿ ವರ್ಷಗಟ್ಟಲೆ ಕೊಟ್ಟರು. ೧೯೯೪ರಲ್ಲಿ ಫಲಿತಾಂಶ ಬಂದಾಗ ಬೀಟಾ-ಕೆರೊಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ ೧೮ ಹೆಚ್ಚಾಗಿತ್ತು. ಕಡಿಮೆಯಲ್ಲ, ಹೆಚ್ಚು! ಅಮೆರಿಕದಲ್ಲಿ ಇದೇ ಗುಳಿಗೆಯ ಜೊತೆ ವಿಟಮಿನ್ ಎ ಸೇರಿಸಿ ನಡೆಸಿದ ಇನ್ನೊಂದು ಪ್ರಯೋಗದಲ್ಲಿ ಶೇಕಡಾ ೨೮ ಹೆಚ್ಚು ಕಂಡು ೧೯೯೬ರ ಜನವರಿಯಲ್ಲಿ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಹೊಗೆಯ ನಡುವೆ ಆ ಕೆರೊಟಿನ್ ತಾನೇ ಉತ್ಕರ್ಷಣಗೊಂಡು ಹಾನಿಕರ ಚೂರುಗಳಾಗುತ್ತದೆ ಎಂಬುದು ಅದಕ್ಕೆ ಕೊಡುವ ಒಂದು ವಿವರಣೆ. ಗಂಟೆಯನ್ನೇ ಹೊರಗಿನಿಂದ ಬಾರಿಸಲು ಬ್ರೊಕೊಲಿಯಲ್ಲಿರುವ ಸಲ್ಫೊರಾಫೇನ್ ಎಂಬ ವಸ್ತುವನ್ನು ರೋಗಿಗಳಿಗೆ ನಾಲ್ಕು ವಾರ ಕೊಟ್ಟು ನೋಡಿದ ಪ್ರಯೋಗ ೨೦೧೬ರಲ್ಲಿ ಪ್ರಕಟವಾಯಿತು. ಗಂಟೆ ಬಾರಿಸಲಿಲ್ಲ. ಗಜ್ಜರಿ, ಪೇರಲ ತಿನ್ನಿ, ರುಚಿಯಾಗಿರುತ್ತವೆ. ಹೊಗೆಯ ಎದುರು ಜಾಮೀನಾಗಿ ಅವನ್ನು ನಿಲ್ಲಿಸಬೇಡಿ.

ಮುತ್ಯಾನನ್ನು ಮರೆತಿಲ್ಲ. ಎಲ್ಲರ ತಿಜೋರಿಯೂ ಒಂದೇ ಅಳತೆಯದಲ್ಲ. ಗ್ಲೂಟಾಥಯೋನನ್ನು ವಿಷಕ್ಕೆ ಅಂಟಿಸುವ ಕಿಣ್ವಗಳಲ್ಲಿ ಒಂದು ಅನೇಕರಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಆಲ್ಫಾ-೧ ಕೆಲವರಿಗೆ ಕಡಿಮೆ. ಮುತ್ಯಾನಿಗೆ ದೊಡ್ಡ ತಿಜೋರಿ ಸಿಕ್ಕಿತ್ತು, ಅಷ್ಟೆ. ಅದರ ಬೀಗದಕೈ ಮೊಮ್ಮಗನಿಗೆ ಬಂದಿದೆಯೋ ಇಲ್ಲವೋ ಕ್ಯಾಂಟೀನಿನಲ್ಲಿ ಕೂತು ತಿಳಿಯುವುದಿಲ್ಲ. ಇನ್ನೊಂದು, ಐವತ್ತಕ್ಕೇ ಹೋದ ಮುತ್ಯಾನ ಕಥೆ ಹೇಳಲು ಯಾರೂ ಕ್ಯಾಂಟೀನಿಗೆ ಬರುವುದಿಲ್ಲ. ಲೆಕ್ಕ ಮಾಡಬೇಕಾದರೆ ಎಲ್ಲರನ್ನೂ ಹಿಡಿದು ಮಾಡಬೇಕು. ಬ್ರಿಟನ್ನಿನಲ್ಲಿ ೧೯೫೧ರಿಂದ ೩೪,೪೩೯ ಗಂಡಸು ಡಾಕ್ಟರುಗಳನ್ನು ಐವತ್ತು ವರ್ಷ ಬಿಡದೆ ಹಿಂಬಾಲಿಸಿದರು. ೨೦೦೪ರ ವರದಿಯಲ್ಲಿ, ಜೀವನವಿಡೀ ಸೇದಿದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲು ಸತ್ತಿದ್ದರು. ಅವರಲ್ಲೂ ಎಂಬತ್ತು ದಾಟಿದವರಿದ್ದರು. ಅವರನ್ನೂ ಸೇರಿಸಿಯೇ ಈ ಹತ್ತು ವರ್ಷ.

ಕೊನೆಯದಾಗಿ ಡಿಎನ್ಎ ಖಾತೆ. ದಿನಕ್ಕೊಂದು ಪ್ಯಾಕಿನಂತೆ ಒಂದು ವರ್ಷ ಸೇದಿದರೆ ಶ್ವಾಸಕೋಶದ ಪ್ರತಿ ಕೋಶದಲ್ಲಿ ಸರಾಸರಿ ೧೫೦ ತಪ್ಪುಗಳು ಶಾಶ್ವತವಾಗಿ ಬರೆದುಕೊಳ್ಳುತ್ತವೆ ಎಂದು ೨೦೧೬ರಲ್ಲಿ ಎಣಿಸಿದರು. ಈ ಪುಟವನ್ನು ಹರಿದು ಹಾಕಲು ಬರುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ೨೦೨೦ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆ ಮತ್ತು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ೧೬ ಮಂದಿಯ ಗಾಳಿನಾಳದಿಂದ ಬಿಡಿ ಬಿಡಿ ಕೋಶಗಳನ್ನು ತೆಗೆದು ಬೆಳೆಸಿ, ಒಂದೊಂದರ ಡಿಎನ್ಎ ಓದಿದರು. ಸೇದುವವರಲ್ಲಿ ಹೆಚ್ಚಿನ ಕೋಶಗಳು ತಪ್ಪುಗಳಿಂದ ತುಂಬಿದ್ದವು. ಆದರೆ ಸೇದಿ ಬಿಟ್ಟವರಲ್ಲಿ, ಸಾವಿರಗಟ್ಟಲೆ ಪ್ಯಾಕು ಸುಟ್ಟು ಬಿಟ್ಟವರಲ್ಲಿಯೂ, ಒಂದು ಪಾಲು ಕೋಶಗಳು ಎಂದೂ ಸೇದದವರ ಕೋಶಗಳಂತೆ ಬಹುಪಾಲು ಶುದ್ಧವಾಗಿದ್ದವು. ಇಪ್ಪತ್ತರಿಂದ ನಲವತ್ತು ಶೇಕಡಾ. ಈಗಲೂ ಸೇದುವವರಲ್ಲಿ ಕಂಡದ್ದರ ನಾಲ್ಕು ಪಟ್ಟಿನವರೆಗೆ. ಆ ಕೋಶಗಳು ಹೆಚ್ಚು ಸಲ ಒಡೆದು ಹೆಚ್ಚಿದವಲ್ಲ ಎಂದೂ ಅವುಗಳ ಡಿಎನ್ಎ ತುದಿ ನೋಡಿ ಹೇಳಿದರು. ಹೊಗೆ ತಾಗದ ಯಾವುದೋ ಮರೆಯಲ್ಲಿ ಅವು ಇಷ್ಟು ದಿನ ಕೂತಿದ್ದು, ಸೇದುವುದು ನಿಂತ ಮೇಲೆ ನಿಧಾನವಾಗಿ ಹೊರಬಂದು ಹಾಳಾದವರ ಜಾಗ ತುಂಬಿರಬೇಕು ಎಂಬುದು ಅವರ ಊಹೆ. ಆ ಮರೆ ಎಲ್ಲಿದೆ ಎಂ ಹುಡುಕಾಟ ಆ ವರದಿಯಿಂದಲೇ ಶುರುವಾಯಿತು.